ವಿಲ್ಲೋ, ಗೋಯಿಂಗ್ ಟುವೋ? ನಾಳೆಯ ಮಾತಿಗೆ ಇಂಗ್ಲಿಷ್‌ನಲ್ಲಿ ಯಾವ ರೂಪ ಆರಿಸಬೇಕು

ಬೆಂಗಳೂರಲ್ಲಿ ಕೆಲಸಕ್ಕಿರುವ ಹುಡುಗ ದಾವಣಗೆರೆಯ ಮನೆಗೆ ಫೋನ್ ಮಾಡಿ "ನಾಳೆ ಬರ್ತೀನಿ" ಅಂದರೆ ಮಾತು ಮುಗಿಯಿತು. ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಬೇಕೆಂದರೆ ನಾಲ್ಕು ದಾರಿ ಎದುರಾಗುತ್ತವೆ. "ಐ ವಿಲ್ ಕಮ್ ಟುಮಾರೊ." "ಐ ಆಮ್ ಗೋಯಿಂಗ್ ಟು ಕಮ್ ಟುಮಾರೊ." "ಐ ಆಮ್ ಕಮಿಂಗ್ ಟುಮಾರೊ." "ಐ ವಿಲ್ ಬಿ ಕಮಿಂಗ್ ಟುಮಾರೊ." ನಾಲ್ಕೂ ವ್ಯಾಕರಣಕ್ಕೆ ಸರಿಯೇ. ಆದರೆ ಕೇಳಿಸಿಕೊಳ್ಳುವವನಿಗೆ ನಾಲ್ಕೂ ಒಂದೇ ಸುದ್ದಿ ಮುಟ್ಟಿಸುವುದಿಲ್ಲ. ಮೊದಲನೆಯದರಲ್ಲಿ ಅವನು ಮಾತು ಕೊಡುತ್ತಿದ್ದಾನೆ. ಎರಡನೆಯದರಲ್ಲಿ ಮನಸ್ಸು ಮಾಡಿದ್ದಾನೆ. ಮೂರನೆಯದರಲ್ಲಿ ಟಿಕೆಟ್ ಆಗಿದೆ. ನಾಲ್ಕನೆಯದರಲ್ಲಿ, ಹೇಗೂ ಬರುವವನಿದ್ದಾನೆ, ಅದನ್ನು ತಿಳಿಸುತ್ತಿದ್ದಾನೆ ಅಷ್ಟೆ.

ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವವರಲ್ಲಿ ಕನ್ನಡ ಮಾಧ್ಯಮದವರೇ ಹೆಚ್ಚು. ಜಗಳೂರು, ಹರಿಹರ, ಹೊಳಲ್ಕೆರೆ ಕಡೆಯವರು. ಬ್ಯಾಂಕ್ ಪರೀಕ್ಷೆಗೋ, ಕಂಪನಿಯ ಸಂದರ್ಶನಕ್ಕೋ ತಯಾರಾಗುತ್ತಿರುವವರು. ನಾಳೆ ಎಂಬ ಪದ ಕಂಡ ಕೂಡಲೇ ಎಲ್ಲರ ಬಾಯಲ್ಲೂ ವಿಲ್ ಬರುತ್ತದೆ. ಶಾಲೆಯ ಗೋಡೆಯ ಮೇಲಿದ್ದ ಹನ್ನೆರಡು ಕೋಣೆಯ ಟೆನ್ಸ್ ಚಾರ್ಟ್ ಮಾಡಿದ ಕೆಲಸ ಇದು. ಅದರಲ್ಲಿ ಫ್ಯೂಚರ್ ಎಂದರೆ ವಿಲ್, ಅಲ್ಲಿಗೆ ಮುಗಿಯಿತು. ಯಾವ ರೂಪ ಆರಿಸಬೇಕೆಂದು ಕೇಳಿದವರಿಗೆ ನಾನು ಮರಳಿ ಕೇಳುವ ಪ್ರಶ್ನೆ ಒಂದೇ: ಆ ನಾಳೆಯ ಬಗ್ಗೆ ನಿಮ್ಮ ಕೈಯಲ್ಲಿ ಇವತ್ತು ಏನಿದೆ? ಕಣ್ಣಿಗೆ ಕಾಣುವ ಲಕ್ಷಣವೋ, ಮಾಡಿಟ್ಟ ತೀರ್ಮಾನವೋ, ಆಗಿಹೋದ ಏರ್ಪಾಟೋ, ಅಚ್ಚಾದ ವೇಳಾಪಟ್ಟಿಯೋ, ಇಲ್ಲಾ ಬರೀ ಮಾತೋ? ಉತ್ತರ ಸಿಕ್ಕಿದರೆ ರೂಪವೂ ಸಿಕ್ಕಿತು.

ಚಾರ್ಟ್ ಹೇಳದ ವಿಷಯ

ಇಂಗ್ಲಿಷ್‌ಗೆ ಭವಿಷ್ಯತ್ಕಾಲವೇ ಇಲ್ಲ ಎಂದರೆ ತರಗತಿಯಲ್ಲಿ ನಗು ಏಳುತ್ತದೆ. ಆದರೆ ಇಂದಿನ ಬಹುಪಾಲು ವ್ಯಾಕರಣಕಾರರ ಅಭಿಪ್ರಾಯ ಅದೇ. ಭೂತಕಾಲಕ್ಕೆ ಕ್ರಿಯಾಪದದ ಮೈಯೇ ಬದಲಾಗುತ್ತದೆ: ವಾಕ್ ಹೋಗಿ ವಾಕ್ಡ್, ಕಮ್ ಹೋಗಿ ಕೇಮ್. ಭವಿಷ್ಯಕ್ಕೆ ಅಂಥ ಪ್ರತ್ಯಯ ಒಂದೂ ಇಲ್ಲ. ವಿಲ್ ಎಂಬುದು ಕ್ಯಾನ್, ಮೇ, ಮಸ್ಟ್ ಸಾಲಿನಲ್ಲಿ ಕೂರುವ ಸಹಾಯಕ ಕ್ರಿಯಾಪದ. ಹಳೆಯ ಇಂಗ್ಲಿಷ್‌ನಲ್ಲಿ ಅದರ ಅರ್ಥ ಬಯಸು ಎಂದಿತ್ತು. ಆ ಬಯಕೆಯ ವಾಸನೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಕನ್ನಡದಲ್ಲಿ ಮಾಡಿದನು, ಮಾಡುತ್ತಾನೆ, ಮಾಡುವನು ಎಂದು ಮೂರು ಕಾಲಕ್ಕೂ ಬೇರೆ ಬೇರೆ ಪ್ರತ್ಯಯ ಇವೆ. ಪುಸ್ತಕದಲ್ಲಿ ಇವೆ, ಅಷ್ಟೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಿಂತು "ನಾಳೆ ಬರುವೆನು" ಅಂದರೆ ಯಾವ ನಾಟಕ ಕಂಪನಿ ಎಂದು ಕೇಳಿಯಾರು. "ದಿನಾ ಬರ್ತೀನಿ", "ನಾಳೆ ಬರ್ತೀನಿ": ಎರಡಕ್ಕೂ ಒಂದೇ ಬರ್ತೀನಿ. ನಾಳೆಗೆಂದೇ ಒಂದು ಪ್ರತ್ಯಯ ಇಲ್ಲದೆಯೂ ನಮ್ಮ ಬಾಳು ಸಾಗಿದೆ. ಇಂಗ್ಲಿಷ್‌ನದೂ ಹಾಗೆಯೇ. ಹಾಗಾಗಿ ಚಾರ್ಟ್ ಮರೆತು ಆಡುಮಾತಿನ ಕನ್ನಡದಿಂದ ಹೊರಟರೆ ಕೆಲಸ ಅರ್ಧ ಹಗುರವಾಗುತ್ತದೆ.

ದೊಡ್ಡ ಜಗಳ: ವಿಲ್ ಮತ್ತು ಗೋಯಿಂಗ್ ಟು

ಮಳೆಯಿಂದಲೇ ಶುರುಮಾಡೋಣ. ಕಣದಲ್ಲಿ ಮೆಕ್ಕೆಜೋಳ ಒಣಗಿಸಿದ್ದಾರೆ. ಪಡುವಣದಲ್ಲಿ ಮೋಡ ಕಟ್ಟಿದೆ, ತಣ್ಣನೆ ಗಾಳಿ ಎದ್ದಿದೆ. ನಮ್ಮ ಕಡೆಯವರು "ಮಳೆ ಬರಂಗೈತಿ, ತಾಡಪಾಲು ತಗಂಬಾ" ಎನ್ನುತ್ತಾರೆ. ಆ ಬರಂಗೈತಿ ಇದೆಯಲ್ಲ, ಅದೇ "ಇಟ್ ಈಸ್ ಗೋಯಿಂಗ್ ಟು ರೇನ್". ಲಕ್ಷಣ ಈಗ, ಇಲ್ಲಿ, ಕಣ್ಣೆದುರಿಗೇ ಇದೆ. ಅದೇ ಮನುಷ್ಯ ಏಪ್ರಿಲ್‌ನಲ್ಲಿ ಕಟ್ಟೆ ಮೇಲೆ ಕೂತು "ಈ ಸಲ ಮಳೆ ಚೆನ್ನಾಗಿ ಬರುತ್ತೆ ಬಿಡು" ಅಂದರೆ ಅದು ವಿಲ್. ಆಕಾಶದಲ್ಲಿ ಒಂದು ಮೋಡವೂ ಇಲ್ಲ. ಇರುವುದು ಅನುಭವ, ನಂಬಿಕೆ, ಲೆಕ್ಕಾಚಾರ. ಮೂರನೆಯದೊಂದು ಇದೆ: "ಸಂಜೆ ಮಳೆ ಬಂದೀತು, ಛತ್ರಿ ಇಟ್ಕೋ." ಇದು ವಿಲ್ಲೂ ಅಲ್ಲ, ಗೋಯಿಂಗ್ ಟುವೂ ಅಲ್ಲ. "ಇಟ್ ಮೈಟ್ ರೇನ್" ಎಂದೇ ಹೇಳಬೇಕು. ಬಂದೀತು, ಆದೀತು, ಹೋದಾನು ಎಂಬ ಸಂಭಾವನೆಯ ರೂಪ ಕನ್ನಡದಲ್ಲಿ ಇಷ್ಟು ಚೊಕ್ಕವಾಗಿರುವಾಗ, ಇಂಗ್ಲಿಷ್‌ಗೆ ಹೋದ ಕೂಡಲೇ ಅದನ್ನೂ ವಿಲ್‌ಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ. ಮೇ, ಮೈಟ್ ಇರುವುದು ಅದಕ್ಕೇ.

ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು, ಅಂದರೆ ಜನರ ಬಾಯಲ್ಲಿನ ಮಾರಿಕಣಿವೆಯನ್ನು, ಈ ಎರಡು ರೂಪಗಳ ಪಾಠಕ್ಕೆ ನಾನು ಬಿಡದೆ ಬಳಸುತ್ತೇನೆ. ವೇದಾವತಿಗೆ ಅಡ್ಡಲಾಗಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಎಂಬತ್ತೊಂಬತ್ತು ವರ್ಷ ಚಿತ್ರದುರ್ಗ ಜಿಲ್ಲೆಯ ಹಿರಿಯರು "ಮಾರಿಕಣಿವೆ ಒಂದಿನ ತುಂಬುತ್ತೆ" ಎಂದು ಹೇಳಿಕೊಂಡೇ ಬಂದರು. ಅದು "ಇಟ್ ವಿಲ್ ಓವರ್‌ಫ್ಲೋ ಒನ್ ಡೇ". ಕೈಯಲ್ಲಿ ಏನೂ ಇಲ್ಲ, ಆಸೆ ಒಂದೇ. 2022ರ ಮಳೆಗಾಲದಲ್ಲಿ ನೀರು 130 ಅಡಿಯ ಮಟ್ಟಕ್ಕೆ ಹತ್ತಿರ ಬಂದಾಗ, ಜನ ಗಾಡಿ ಕಟ್ಟಿಕೊಂಡು ನೋಡಲು ಹೊರಟಾಗ, ಮಾತೂ ಬದಲಾಯಿತು: "ಈ ಸಲ ಕೋಡಿ ಬೀಳಂಗೈತಿ." ಅದು "ಇಟ್ ಈಸ್ ಗೋಯಿಂಗ್ ಟು ಓವರ್‌ಫ್ಲೋ". ಅಣೆಕಟ್ಟು ಅದೇ, ಕ್ರಿಯೆ ಅದೇ. ಬದಲಾದದ್ದು ಹೇಳುವವನ ಎದುರಿಗಿದ್ದ ನೀರಿನ ಮಟ್ಟ.

ಇದು ಮುನ್ಸೂಚನೆಯ ವಿಷಯವಾಯಿತು. ತೀರ್ಮಾನದ ವಿಷಯಕ್ಕೆ ಬಂದರೆ ಗೆರೆ ಇನ್ನೂ ಸ್ಪಷ್ಟ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತಿದ್ದೀರಿ. ಸಪ್ಲೈಯರ್ ಬಂದು "ಬೆಣ್ಣೆ ದೋಸೆನಾ, ಖಾಲಿನಾ, ಓಪನ್ನಾ?" ಎಂದು ಕೇಳುತ್ತಾನೆ. ಒಂದು ಕ್ಷಣ ಯೋಚಿಸಿ ಹೇಳುತ್ತೀರಿ: "ಐ ವಿಲ್ ಹ್ಯಾವ್ ಎ ಖಾಲಿ." ತೀರ್ಮಾನ ಆಗ ಹುಟ್ಟಿದ್ದು, ಅಲ್ಲೇ. ಇಲ್ಲಿ "ಐ ಆಮ್ ಗೋಯಿಂಗ್ ಟು ಹ್ಯಾವ್ ಎ ಖಾಲಿ" ಅಂದರೆ ತಪ್ಪಿಲ್ಲ, ಆದರೆ ಯಾರು ಅಡ್ಡ ಬಂದರೂ ತಿಂದೇ ತೀರುತ್ತೇನೆ ಎಂದು ಮನೆಯಿಂದಲೇ ಶಪಥ ಮಾಡಿಕೊಂಡು ಬಂದಂತೆ ಕೇಳಿಸುತ್ತದೆ. ಆ ವಾಕ್ಯಕ್ಕೂ ಜಾಗ ಇದೆ: ದಾರಿಯಲ್ಲಿ ಗೆಳೆಯನ ಜೊತೆ ಬೈಕಿನಲ್ಲಿ ಬರುತ್ತಾ ಹೇಳಿದರೆ ಅದೇ ಸರಿ.

ಇನ್ನೊಂದು ಸಂದರ್ಭ. ಗೆಳೆಯ ಹೇಳುತ್ತಾನೆ: ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ನಿಮಗೆ ಅದು ಆಗತಾನೆ ತಿಳಿಯಿತು ಎಂದಾದರೆ "ಐ ವಿಲ್ ವಿಸಿಟ್ ಹರ್ ಟುಮಾರೊ". ಮೊದಲೇ ತಿಳಿದಿತ್ತು, ಹೋಗಬೇಕು ಅಂತಲೂ ಇದ್ದಿರಿ ಎಂದಾದರೆ "ಐ ನೋ, ಐ ಆಮ್ ಗೋಯಿಂಗ್ ಟು ವಿಸಿಟ್ ಹರ್ ಟುಮಾರೊ". ಮೊದಲೇ ತಿಳಿದಿದ್ದೂ ವಿಲ್ ಹಾಕಿದರೆ, ಗೆಳೆಯ ಹೇಳಿದ ಮೇಲಷ್ಟೇ ನಿಮಗೆ ಹೋಗುವ ಯೋಚನೆ ಬಂತು ಎಂಬ ಅರ್ಥ ಹೊರಡುತ್ತದೆ. ಸಣ್ಣ ಪದ, ಆದರೆ ಸಂಬಂಧದ ಮೇಲೆ ಅದರ ಭಾರ ಸಣ್ಣದಲ್ಲ. ಕನ್ನಡದಲ್ಲಿ ಇದಕ್ಕೆ ನಮ್ಮ ಹತ್ತಿರ "ಹೋಗ್ತೀನಿ" ಮತ್ತು "ಹೋಗ್ಬೇಕು ಅಂತಿದೀನಿ" ಇವೆ. ಮೊದಲನೆಯದು ವಿಲ್, ಎರಡನೆಯದು ಗೋಯಿಂಗ್ ಟು. ಅನುಮಾನ ಬಂದಾಗ "ಅಂತಿದೀನಿ" ಸೇರಿಸಿ ನೋಡಿ. ಹೊಂದಿಕೊಂಡರೆ ಗೋಯಿಂಗ್ ಟು ಹಾಕಿ.

ಗೋಯಿಂಗ್ ಟು ಹುಟ್ಟಿದ ಬಗೆ ತಿಳಿದರೆ ಇದು ಇನ್ನೂ ಸಲೀಸು. ಮೊದಲು ಅದು ನಿಜವಾದ ನಡಿಗೆಯ ಮಾತಾಗಿತ್ತು: ಇಂಥ ಕೆಲಸಕ್ಕೆಂದು ಹೋಗುತ್ತಿದ್ದೇನೆ. 15ನೇ ಶತಮಾನದ ಕೊನೆಯ ಹೊತ್ತಿಗೆ ನಡಿಗೆ ಕಳಚಿ, ಉದ್ದೇಶ ಮಾತ್ರ ಉಳಿದ ಬಳಕೆ ಕಾಣಿಸತೊಡಗಿತು. ನಾವೂ ಅದನ್ನೇ ಮಾಡಿದ್ದೇವೆ. "ಅವನು ಮನೆ ಕಟ್ಟಕ್ಕೆ ಹೊರಟಿದಾನೆ" ಅಂದಾಗ ಅವನು ಕುರ್ಚಿಯ ಮೇಲೆ ಕೂತೇ ಇರಬಹುದು. ಯಾರೂ ಎಲ್ಲಿಗೂ ಹೊರಟಿರುವುದಿಲ್ಲ. ಬಾಯಲ್ಲಿ ಗೋಯಿಂಗ್ ಟು ಸವೆದು ಗೊನ್ನ ಆಗುತ್ತದೆ. ಸಿನಿಮಾದಲ್ಲಿ ಕೇಳಿ ಅರ್ಥ ಮಾಡಿಕೊಳ್ಳಿ, ಗೆಳೆಯರ ಜೊತೆ ಆಡಿ, ಅರ್ಜಿಯಲ್ಲಿ ಬರೆಯಬೇಡಿ.

ವಿಲ್‌ಗೆ ಮಾತ್ರ ಮೀಸಲಾದ ಜಾಗಗಳೂ ಇವೆ. ಭರವಸೆ: "ಐ ವಿಲ್ ರಿಟರ್ನ್ ಯುವರ್ ಮನಿ ಆನ್ ಫ್ರೈಡೆ." ಸಹಾಯ ಮಾಡಲು ಮುಂದಾಗುವುದು: "ಐ ವಿಲ್ ಕ್ಯಾರಿ ದ ಬ್ಯಾಗ್." ಕೋರಿಕೆ: "ವಿಲ್ ಯು ಹೋಲ್ಡ್ ದಿಸ್?" ಹಟ: "ದ ಸ್ಕೂಟರ್ ವೋಂಟ್ ಸ್ಟಾರ್ಟ್." ಕೊನೆಯದನ್ನು ಗಮನಿಸಿ, ಅದರಲ್ಲಿ ನಾಳೆಯೇ ಇಲ್ಲ. ಸ್ಕೂಟರ್ ಈಗ, ಈ ಹೊತ್ತಿನಲ್ಲಿ, ಕಿಕ್ ಹೊಡೆದ ಹಾಗೆಲ್ಲ ಒಲ್ಲೆ ಎನ್ನುತ್ತಿದೆ. ಬಾಗಿಲು ಬಡಿದ ಸದ್ದು ಕೇಳಿ "ದಟ್ ವಿಲ್ ಬಿ ದ ಪೋಸ್ಟ್‌ಮನ್" ಅಂದರೆ ಅದೂ ಈಗಿನದೇ. "ಪೋಸ್ಟ್‌ಮನ್ನೇ ಇರ್ಬೇಕು" ಎಂಬ ಊಹೆ. ವಿಲ್ ಎಂದರೆ ಫ್ಯೂಚರ್ ಎಂದು ಕಂಠಪಾಠ ಮಾಡಿದವರು ಇಂಥ ವಾಕ್ಯ ಓದಿದಾಗ ತಬ್ಬಿಬ್ಬಾಗುತ್ತಾರೆ.

ಸರ್ಕಾರಿ ಬರಹಕ್ಕೆ ವಿಲ್ ಅಚ್ಚುಮೆಚ್ಚು. 2023ರ ಫೆಬ್ರುವರಿಯ ಕೇಂದ್ರ ಬಜೆಟ್ ಭಾಷಣದಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ನೆರವನ್ನು ಘೋಷಿಸಿದ ಇಂಗ್ಲಿಷ್ ವಾಕ್ಯದ ಕ್ರಿಯಾಪದ "ವಿಲ್ ಬಿ ಗಿವನ್". ಹಣ ಬರಲಿಲ್ಲ ಎಂದು ಮುಂದೆ ಚಿತ್ರದುರ್ಗದಲ್ಲಿ ರೈತರು ಧರಣಿ ಕೂತರು. ವ್ಯಾಕರಣದ ಮಟ್ಟಿಗೆ ಹೇಳುವುದಾದರೆ ಆ ವಾಕ್ಯ ತನ್ನ ಕೆಲಸ ಮಾಡಿತ್ತು: ವಿಲ್ ಮಾತು ಕೊಡುತ್ತದೆ, ಏರ್ಪಾಟಾಗಿದೆ ಎಂದು ಹೇಳುವುದಿಲ್ಲ. ಜೊತೆಗೆ ಕರ್ಮಣಿ ಪ್ರಯೋಗ ಬೇರೆ, ಕೊಡುವವರು ವಾಕ್ಯದ ಕರ್ತೃವಾಗಿ ನಿಲ್ಲುವುದೇ ಇಲ್ಲ. ಬಜೆಟ್ ಓದುವವರು ಈ ಒಂದು ವಿಷಯಕ್ಕಾದರೂ ವ್ಯಾಕರಣ ಕಲಿಯಬೇಕು.

ಹಾಗಾದರೆ ಎರಡೂ ನಡೆಯುವ ಜಾಗ ಇಲ್ಲವೇ? ಧಾರಾಳವಾಗಿ ಇದೆ. "ಹೂ ಈಸ್ ಗೋಯಿಂಗ್ ಟು ವಿನ್?", "ಹೂ ವಿಲ್ ವಿನ್?" ಇವೆರಡರ ನಡುವೆ ಕೂದಲು ಸೀಳುತ್ತಾ ಕೂರಬೇಡಿ. ಬರವಣಿಗೆಯಲ್ಲಿ, ವರದಿಯಲ್ಲಿ, ಪತ್ರಿಕೆಯ ಭಾಷೆಯಲ್ಲಿ ವಿಲ್ ಹೆಚ್ಚು. ಮಾತಿನಲ್ಲಿ ಗೋಯಿಂಗ್ ಟುವಿಗೆ ಕಳೆ ಹೆಚ್ಚು. ಥಿಂಕ್, ಪ್ರಾಬಬ್ಲಿ, ಐ ಆಮ್ ಶೂರ್ ಜೊತೆಗೆ ವಿಲ್ ಸಲೀಸಾಗಿ ಕೂರುತ್ತದೆ.

ಛತ್ರ ಬುಕ್ಕಾಗಿದ್ದರೆ

"ಅಕ್ಕನ ಮದುವೆ ಮುಂದಿನ ತಿಂಗಳು." ಛತ್ರ ಗೊತ್ತಾಗಿದೆ, ಲಗ್ನಪತ್ರಿಕೆ ಅಚ್ಚಾಗಿದೆ, ಅಡುಗೆಯವರಿಗೆ ಮುಂಗಡ ಹೋಗಿದೆ. "ಮೈ ಸಿಸ್ಟರ್ ಈಸ್ ಗೆಟಿಂಗ್ ಮ್ಯಾರೀಡ್ ನೆಕ್ಸ್ಟ್ ಮಂತ್." ಚಾರ್ಟಿನಲ್ಲಿ ವರ್ತಮಾನದ ಕೋಣೆಯಲ್ಲಿರುವ ಈ ರೂಪವೇ ಏರ್ಪಾಟಾದ ನಾಳೆಗೆ ಎಲ್ಲಕ್ಕಿಂತ ಒಪ್ಪುವುದು. ಗೋಯಿಂಗ್ ಟುವಿಗೂ ಇದಕ್ಕೂ ಇರುವ ಅಂತರ ಇಷ್ಟೇ: ಅದು ಒಬ್ಬರ ತಲೆಯಲ್ಲಿರುವ ತೀರ್ಮಾನ, ಇದು ಇನ್ನೊಬ್ಬರ ಡೈರಿಯಲ್ಲೂ ಬರೆದಾಗಿರುವ ಕೆಲಸ. "ಐ ಆಮ್ ಗೋಯಿಂಗ್ ಟು ಸೀ ದ ಡಾಕ್ಟರ್" ಎನ್ನುವವನು ಇನ್ನೂ ಟೋಕನ್ ತೆಗೆದುಕೊಂಡಿಲ್ಲದಿರಬಹುದು. "ಐ ಆಮ್ ಸೀಯಿಂಗ್ ದ ಡಾಕ್ಟರ್ ಅಟ್ ಫೈವ್" ಎನ್ನುವವನ ಹೆಸರು ಅಲ್ಲಿ ಬರೆದಾಗಿದೆ.

ಎರಡು ಎಚ್ಚರಿಕೆ. ನಾಳೆ, ಸೋಮವಾರ, ಐದು ಗಂಟೆಗೆ ಎಂಬಂಥ ಕಾಲಸೂಚಕ ವಾಕ್ಯದಲ್ಲಾಗಲೀ ಹಿಂದಿನ ಮಾತಿನಲ್ಲಾಗಲೀ ಇರಲೇಬೇಕು. ಇಲ್ಲದಿದ್ದರೆ ಈಗ ನಡೆಯುತ್ತಿದೆ ಎಂದಾಗುತ್ತದೆ. ಮತ್ತೆ, ಮನುಷ್ಯರು ಏರ್ಪಾಟು ಮಾಡಲಾಗದ ವಿಷಯಕ್ಕೆ ಇದು ಸಲ್ಲದು. "ಇಟ್ ಈಸ್ ರೇನಿಂಗ್ ಟುಮಾರೊ" ಎಂದು ಯಾರೂ ಹೇಳುವುದಿಲ್ಲ, ಮಳೆಗೆ ಯಾರೂ ಮುಂಗಡ ಕೊಟ್ಟಿರುವುದಿಲ್ಲವಲ್ಲ.

ಇಲ್ಲೇ ಇನ್ನೊಂದು ಮಾತು. ಒಳಗಿನಿಂದ ಯಾರೋ ಕೂಗಿದಾಗ ನಾವು "ಬಂದೆ, ಬಂದೆ" ಎನ್ನುತ್ತೇವೆ. ಇನ್ನೂ ಎದ್ದೇ ಇಲ್ಲ, ಕ್ರಿಯಾಪದ ಮಾತ್ರ ಭೂತಕಾಲಕ್ಕೆ ಹೋಗಿ ಕೂತಿದೆ! ಇಂಗ್ಲಿಷ್‌ನಲ್ಲಿ ಆ ಜಾಗಕ್ಕೆ "ಐ ಆಮ್ ಕಮಿಂಗ್". ಅಲ್ಲಿ "ಐ ವಿಲ್ ಕಮ್" ಅಂದರೆ ಈಗ ಬರುವುದಿಲ್ಲ, ಯಾವತ್ತಾದರೂ ಬಂದೇನು ಎಂಬ ಧ್ವನಿ ಬರುತ್ತದೆ. ಆಫೀಸಿನಲ್ಲಿ ಮೇಲಧಿಕಾರಿ ಕರೆದಾಗ ಹೀಗೆ ಹೇಳಿ ಮುಖ ಕೆಡಿಸಿಕೊಂಡವರಿದ್ದಾರೆ.

ವೇಳಾಪಟ್ಟಿ

ಅಚ್ಚಾಗಿ ಗೋಡೆಗೆ ಅಂಟಿದ ನಾಳೆಗೆ ಸರಳ ವರ್ತಮಾನ ಸಾಕು. "ದ ಟ್ರೇನ್ ಲೀವ್ಸ್ ಅಟ್ ಸೆವೆನ್." "ಕಾಲೇಜ್ ರೀಓಪನ್ಸ್ ಆನ್ ಮಂಡೆ." "ಟುಮಾರೊ ಈಸ್ ಸಂಡೆ." ರೈಲು, ಬಸ್ಸು, ಪರೀಕ್ಷೆ, ಸಿನಿಮಾ ಆಟ, ಪಂಚಾಂಗ: ಯಾರೊಬ್ಬರ ಇಷ್ಟಾನಿಷ್ಟಕ್ಕೂ ಸಿಗದ ವಿಷಯಗಳು. ದಾವಣಗೆರೆ ನಿಲ್ದಾಣದ ಪಟ್ಟಿಯಲ್ಲಿರುವ ಗಾಡಿಗೆ ಲೀವ್ಸ್ ಎನ್ನಬಹುದು. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಬರಬೇಕಾದ ಹೊಸ ಮಾರ್ಗದ ರೈಲಿಗೆ, ಹಳಿ ಪೂರ್ತಿಯಾಗಿ ವೇಳಾಪಟ್ಟಿ ಬರುವವರೆಗೆ, ವಿಲ್ ಒಂದೇ ಗತಿ.

ಇಫ್, ವೆನ್ ಬಂದಲ್ಲಿ ವಿಲ್ ಬೇಡ

ಉಳಿದದ್ದನ್ನೆಲ್ಲ ಮರೆತರೂ ಇದೊಂದು ನೆನಪಿರಲಿ. ನಮ್ಮವರ ಇಂಗ್ಲಿಷ್‌ನಲ್ಲಿ ಕಿವಿಗೆ ತಕ್ಷಣ ಚುಚ್ಚುವ ತಪ್ಪು ಇದು. "ವೆನ್ ಐ ವಿಲ್ ರೀಚ್ ಚಿತ್ರದುರ್ಗ, ಐ ವಿಲ್ ಕಾಲ್ ಯು." ಮೊದಲ ವಿಲ್ ಹೋಗಬೇಕು: "ವೆನ್ ಐ ರೀಚ್ ಚಿತ್ರದುರ್ಗ, ಐ ವಿಲ್ ಕಾಲ್ ಯು." ಇಫ್, ವೆನ್, ಬಿಫೋರ್, ಆಫ್ಟರ್, ಅಂಟಿಲ್, ಆಸ್ ಸೂನ್ ಆಸ್, ಅನ್‌ಲೆಸ್, ಬೈ ದ ಟೈಮ್: ಇವು ಹೊರುವ ಉಪವಾಕ್ಯದಲ್ಲಿ ಕೆಲಸ ನಾಳೆಯದಾದರೂ ಕ್ರಿಯಾಪದ ವರ್ತಮಾನದ್ದೇ.

ವಿಚಿತ್ರವೆಂದರೆ ಈ ತಪ್ಪಿಗೆ ಕನ್ನಡ ಕಾರಣವಲ್ಲ. ನಾವು "ಮಳೆ ಬಂದರೆ" ಎನ್ನುತ್ತೇವೆ, "ದುರ್ಗ ಮುಟ್ಟಿದ ಮೇಲೆ" ಎನ್ನುತ್ತೇವೆ, "ಅವನು ಬಂದಾಗ" ಎನ್ನುತ್ತೇವೆ. ನಾಳೆ ಬರುವ ಮಳೆಗೆ ಬಂದ ಮಳೆಯ ರೂಪ! ಷರತ್ತಿನ ಜಾಗದಲ್ಲಿ ಭವಿಷ್ಯದ ಗುರುತು ಕನ್ನಡಕ್ಕೂ ಬೇಕಿಲ್ಲ. ಇಂಗ್ಲಿಷ್ ವರ್ತಮಾನ ಇಡುತ್ತದೆ, ನಾವು ಭೂತದ ರೂಪ ಇಡುತ್ತೇವೆ, ಅಷ್ಟೇ ವ್ಯತ್ಯಾಸ. ತಪ್ಪು ಮಾಡಿಸುವುದು ಚಾರ್ಟು. ಕೆಲಸ ನಾಳೆಯದು, ಆದ್ದರಿಂದ ವಿಲ್ ಎಂದು ಅದು ಕಲಿಸಿಬಿಟ್ಟಿದೆ.

ಈಗ ಜಾಣರು ಕೇಳುವ ಪ್ರಶ್ನೆ: "ಐ ಡೋಂಟ್ ನೋ ವೆನ್ ಹಿ ವಿಲ್ ಕಮ್" ಸರಿ ಎನ್ನುತ್ತೀರಲ್ಲ, ಅಲ್ಲಿ ವೆನ್ ಆದ ಮೇಲೂ ವಿಲ್ ಇದೆಯಲ್ಲ? ಸರಿಯೇ, ಮತ್ತು ಅಲ್ಲಿ ವಿಲ್ ಬೇಕೇ ಬೇಕು. ಇವೆರಡನ್ನು ಬೇರ್ಪಡಿಸಲು ಇಂಗ್ಲಿಷ್ ನಿಯಮ ಉರುಹೊಡೆಯುವ ಬದಲು ಕನ್ನಡಕ್ಕೆ ತಂದು ನೋಡಿ. "ಅವನು ಯಾವಾಗ ಬರ್ತಾನೋ ಗೊತ್ತಿಲ್ಲ." ಇಲ್ಲಿ ಯಾವಾಗ ಇದೆ, ಕೊನೆಗೆ ಓಕಾರ ಇದೆ, ಅಂದರೆ ಒಳಗೊಂದು ಪ್ರಶ್ನೆ ಕೂತಿದೆ. ವಿಲ್ ಹಾಕಿ. "ಅವನು ಬಂದಾಗ ಹೇಳ್ತೀನಿ." ಇಲ್ಲಿ ಬಂದಾಗ ಇದೆ, ಪ್ರಶ್ನೆ ಇಲ್ಲ. ವಿಲ್ ತೆಗೆಯಿರಿ: "ಐ ವಿಲ್ ಟೆಲ್ ಹಿಮ್ ವೆನ್ ಹಿ ಕಮ್ಸ್." ಇಫ್‌ಗೂ ಇದೇ ಪರೀಕ್ಷೆ. "ಬರ್ತಾನೋ ಇಲ್ವೋ ಗೊತ್ತಿಲ್ಲ" ಎಂದಾದರೆ "ಐ ಡೋಂಟ್ ನೋ ಇಫ್ ಹಿ ವಿಲ್ ಕಮ್". "ಬಂದರೆ ಕೊಡ್ತೀನಿ" ಎಂದಾದರೆ "ಇಫ್ ಹಿ ಕಮ್ಸ್, ಐ ವಿಲ್ ಗಿವ್ ಇಟ್". ಓಕಾರ ಕಂಡರೆ ವಿಲ್, ಬಂದರೆ-ಬಂದಾಗ ಕಂಡರೆ ವರ್ತಮಾನ. ಹೊಳಲ್ಕೆರೆಯ ಹುಡುಗಿಯೊಬ್ಬಳು ಇದನ್ನು ಕೇಳಿ, "ಹಂಗಾದ್ರೆ ಕನ್ನಡ ಮೀಡಿಯಮ್ಮೇ ಲಾಭ ಆಯ್ತಲ್ಲ ಸಾರ್" ಅಂದಳು. ಈ ಒಂದು ನಿಯಮದ ಮಟ್ಟಿಗೆ ಅವಳ ಮಾತು ನಿಜ.

ಒಂದು ಅಪವಾದ ಇದೆ. "ಇಫ್ ಯು ವಿಲ್ ವೇಟ್ ಎ ಮಿನಿಟ್" ಎಂದು ಸ್ವಾಗತಕಾರಿಣಿ ಹೇಳಿದರೆ ಅದು ತಪ್ಪಲ್ಲ. "ದಯವಿಟ್ಟು ಒಂದು ನಿಮಿಷ ಕಾಯಲು ಒಪ್ಪುವುದಾದರೆ" ಎಂಬ ವಿನಯ ಅದು. ವಿಲ್‌ನ ಹಳೆಯ ಬಯಕೆಯ ಅರ್ಥ ಅಲ್ಲಿ ಉಸಿರಾಡುತ್ತಿದೆ. ಕೇಳಿ ಅರ್ಥ ಮಾಡಿಕೊಳ್ಳಿ, ನೀವು ಬಳಸಲು ಹೋಗಬೇಡಿ.

ವಿಲ್ ಬಿ, ವಿಲ್ ಹ್ಯಾವ್

ಗೊತ್ತಾದ ಹೊತ್ತಿನಲ್ಲಿ ನಡೆಯುತ್ತಿರುವ ಕೆಲಸಕ್ಕೆ ವಿಲ್ ಬಿ: "ಅಟ್ ನೈನ್ ಐ ವಿಲ್ ಬಿ ಟೀಚಿಂಗ್." ಇದು ಚಾರ್ಟಿನಲ್ಲೂ ಇದೆ. ಚಾರ್ಟಿನಲ್ಲಿ ಇಲ್ಲದ್ದು ಅದರ ಸೌಜನ್ಯ. ಅಣ್ಣನ ಸ್ಕೂಟರ್ ಬೇಕು. "ವಿಲ್ ಯು ಯೂಸ್ ದ ಸ್ಕೂಟರ್ ಟುಡೇ?" ಅಂದರೆ ನೀನು ಓಡಿಸು ಎಂದು ಕೋರಿದಂತೆಯೋ, ತೀರ್ಮಾನ ಹೇಳು ಎಂದು ಒತ್ತಿದಂತೆಯೋ ಕೇಳುತ್ತದೆ. "ವಿಲ್ ಯು ಬಿ ಯೂಸಿಂಗ್ ದ ಸ್ಕೂಟರ್ ಟುಡೇ?" ಅಂದರೆ ನಿನ್ನ ದಿನ ಹೇಗೆ ಸಾಗಲಿದೆಯೋ ತಿಳಿಯೋಣ ಎಂದಷ್ಟೇ. ಕೇಳಿಸಿಕೊಂಡವನಿಗೆ ಇಲ್ಲ ಎನ್ನಲು ದಾರಿ ಉಳಿಯುತ್ತದೆ. ಆಫೀಸಿನ ಇಂಗ್ಲಿಷ್‌ನಲ್ಲಿ, ಮೇಲಿನವರನ್ನು ಕೇಳುವಾಗ ಇದು ಬಲು ಉಪಯೋಗಿ. "ವಿಲ್ ಯು ಬಿ ಅಟೆಂಡಿಂಗ್ ದ ಮೀಟಿಂಗ್, ಸರ್?"

ವಿಲ್ ಹ್ಯಾವ್ ಅಂದರೆ ಅಷ್ಟೊತ್ತಿಗೆ ಮುಗಿದಿರುವ ಕೆಲಸ. "ಬೈ ದ ಟೈಮ್ ಯು ರೀಚ್ ಹಿರಿಯೂರು, ವಿ ವಿಲ್ ಹ್ಯಾವ್ ಫಿನಿಶ್ಡ್ ಲಂಚ್." ಕನ್ನಡದ "ನೀನು ಹಿರಿಯೂರು ಮುಟ್ಟೋ ಹೊತ್ತಿಗೆ ನಮ್ಮ ಊಟ ಮುಗಿದಿರುತ್ತೆ" ಇದೆಯಲ್ಲ, ಆ ಮುಗಿದಿರುತ್ತೆ ಅಳತೆ ತೆಗೆದಂತೆ ಸರಿಹೊಂದುತ್ತದೆ. ಮಾತಿನಲ್ಲಿ ಇದು ಅಪರೂಪ. ಬೈ ಎಂಬ ಪದ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡವೇ ಬೇಡ.

ಶಲ್ ಕಥೆ

ಐ ಮತ್ತು ವೀ ಬಂದರೆ ಶಲ್, ಉಳಿದವಕ್ಕೆ ವಿಲ್ ಎಂದು ಇವತ್ತಿಗೂ ಕಲಿಸುವವರಿದ್ದಾರೆ. ಈ ನಿಯಮದ ಮೂಲಕ್ಕೆ ಹೋದರೆ 1653ರಲ್ಲಿ ಜಾನ್ ವಾಲಿಸ್ ಬರೆದ ಇಂಗ್ಲಿಷ್ ವ್ಯಾಕರಣ ಸಿಗುತ್ತದೆ. ಆತ ಗಣಿತಜ್ಞ; ಅನಂತಕ್ಕೆ ನಾವು ಬಳಸುವ, ಮಲಗಿದ ಎಂಟರ ಚಿಹ್ನೆ ಕೊಟ್ಟವನು. ಇಂಗ್ಲಿಷ್ ಬಗ್ಗೆ ಆ ಪುಸ್ತಕ ಬರೆದದ್ದು ಲ್ಯಾಟಿನ್‌ನಲ್ಲಿ! ಆಡುವ ಜನ ಆ ನಿಯಮವನ್ನು ಪೂರ್ತಿಯಾಗಿ ಎಂದೂ ಪಾಲಿಸಲಿಲ್ಲ. ಇಂದು "ಐ ಶಲ್ ಗೋ" ಬ್ರಿಟನ್ನಿನಲ್ಲೇ ಕಡಿಮೆಯಾಗಿದೆ, ಅಮೆರಿಕದಲ್ಲಿ ಇಲ್ಲವೆನ್ನುವಷ್ಟು. ನಿಮಗೆ ಬೇಕಾದ ಶಲ್ ಎರಡೇ ಕಡೆ. ಒಂದು, ಅನುಮತಿ ಅಥವಾ ಸಲಹೆ ಕೇಳುವಾಗ: "ಶಲ್ ಐ ಕ್ಲೋಸ್ ದ ಡೋರ್?", "ಶಲ್ ವಿ ಗೋ?" ಇದು ನಮ್ಮ "ಬಾಗಿಲು ಹಾಕ್ಲಾ?", "ಹೋಗೋಣ್ವಾ?" ಇದಕ್ಕೆ ವಿಲ್ ಹಾಕಿ "ವಿಲ್ ಐ ಕ್ಲೋಸ್ ದ ಡೋರ್?" ಅಂದರೆ ಸ್ವಂತ ಭವಿಷ್ಯವನ್ನು ಬೇರೆಯವರ ಬಳಿ ಕೇಳಿದಂತಾಗುತ್ತದೆ. ಇನ್ನೊಂದು, ಕಾನೂನು. ಸಂವಿಧಾನದ ಮೊದಲ ವಿಧಿ ಭಾರತವು ರಾಜ್ಯಗಳ ಒಕ್ಕೂಟ ಎಂದು ಹೇಳುವುದು ಶಲ್ ಬಿ ಎಂಬ ಕ್ರಿಯಾಪದದಲ್ಲಿ. ಮುಂದೆ ಯಾವತ್ತೋ ಆಗಲಿದೆ ಎಂದಲ್ಲ, ಆಗತಕ್ಕದ್ದು ಎಂದು. ಬಾಡಿಗೆ ಕರಾರಿನ ಇಂಗ್ಲಿಷ್ ಪ್ರತಿಯಲ್ಲಿ "ದ ಟೆನೆಂಟ್ ಶಲ್ ಪೇ" ಎಂದು ಕಂಡರೆ ಅದು ಭವಿಷ್ಯವಾಣಿ ಅಲ್ಲ, ನಿಮ್ಮ ಮೇಲಿನ ಕಟ್ಟು. ಸಹಿ ಹಾಕುವ ಮೊದಲು ಶಲ್‌ಗಳನ್ನೆಲ್ಲ ಎಣಿಸಿ.

ಉಳಿದ ಚಿಲ್ಲರೆ ರೂಪಗಳು: ಇನ್ನೇನು ಹೊರಡಬೇಕು ಎನ್ನುವ ಬಸ್ಸಿಗೆ "ಈಸ್ ಅಬೌಟ್ ಟು ಲೀವ್". ನಿಗದಿಯಾದ ಸರ್ಕಾರಿ ಕಾರ್ಯಕ್ರಮಕ್ಕೆ "ಈಸ್ ಟು ವಿಸಿಟ್". ಪತ್ರಿಕೆಯ ತಲೆಬರಹದಲ್ಲಿ ಈಸ್ ಉದುರಿ "ಸಿಎಂ ಟು ವಿಸಿಟ್ ದಾವಣಗೆರೆ" ಆಗುತ್ತದೆ. ಓದಿ ತಿಳಿದರೆ ಸಾಕು.

ಪರೀಕ್ಷೆಗೆ ಒಂದು, ಸಂದರ್ಶನಕ್ಕೆ ಒಂದು

ಬಿಟ್ಟ ಸ್ಥಳ ತುಂಬಿ ಎಂಬ ಪ್ರಶ್ನೆಯಲ್ಲಿ ಲುಕ್, ಕ್ಲೌಡ್ಸ್ ಎಂಬ ಪದ ಇದ್ದರೆ ಗೋಯಿಂಗ್ ಟು; ಥಿಂಕ್, ಪ್ರಾಮಿಸ್ ಇದ್ದರೆ ವಿಲ್; ಬೈ ನೆಕ್ಸ್ಟ್ ಇಯರ್ ಇದ್ದರೆ ವಿಲ್ ಹ್ಯಾವ್; ಟುಮಾರೊ ಒಂದೇ ಇದ್ದು ಬೇರೇನೂ ಸುಳಿವಿಲ್ಲದಿದ್ದರೆ ವಿಲ್. ಪ್ರಶ್ನೆ ತೆಗೆದವರೂ ಅದೇ ಚಾರ್ಟ್ ಓದಿದವರು, ಅವರ ಜೊತೆ ವಾದಕ್ಕೆ ಇಳಿದು ಅಂಕ ಕಳೆದುಕೊಳ್ಳುವುದು ಬೇಡ.

ಸಂದರ್ಶನದಲ್ಲಿ ಲೆಕ್ಕ ಬೇರೆ. ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂದು ಕೇಳಿದಾಗ ನಮ್ಮ ಹುಡುಗರು "ಐ ವಿಲ್ ಬಿಕಮ್ ಮ್ಯಾನೇಜರ್" ಎಂದುಬಿಡುತ್ತಾರೆ. ಕೇಳುವವರಿಗೆ ಅದು ಜ್ಯೋತಿಷ್ಯದ ಹಾಗೆ, ಇಲ್ಲವೇ ಹಟದ ಹಾಗೆ ಕೇಳುತ್ತದೆ. ಆಸೆಗೆ "ಐ ಹೋಪ್ ಟು", "ಐ ವುಡ್ ಲೈಕ್ ಟು"; ಯೋಚಿಸಿಟ್ಟದ್ದಕ್ಕೆ "ಐ ಪ್ಲಾನ್ ಟು"; ಆಗಲೇ ಅರ್ಜಿ ಹಾಕಿ ಸೀಟು ಸಿಕ್ಕಿರುವ ಕೋರ್ಸ್‌ಗೆ "ಐ ಆಮ್ ಜಾಯಿನಿಂಗ್ ಎ ಕೋರ್ಸ್ ಇನ್ ಜೂನ್". ಯಾವಾಗ ಕೆಲಸಕ್ಕೆ ಸೇರಬಲ್ಲಿರಿ ಎಂದು ಕೇಳಿದಾಗ ಮಾತ್ರ ಹಿಂಜರಿಯಬೇಡಿ. "ಐ ಆಮ್ ಗೋಯಿಂಗ್ ಟು ಟ್ರೈ" ಎಂದರೆ ಕೆಲಸ ಇನ್ನೊಬ್ಬರಿಗೆ ಹೋದೀತು. ಅಲ್ಲಿ ಬೇಕಾದದ್ದು ಭರವಸೆ: "ಐ ವಿಲ್ ಜಾಯಿನ್ ಆನ್ ದ ಫಸ್ಟ್."